ಗಾಳಿ ಸೋಕಿದ್ದಾ? ಕಾಯಿಲೆಯಾ?

ಮನೇಲಿ ಯಾರಾದ್ರೂ ಒಬ್ಬೊಬ್ಬರೇ ಮಾತಾಡ್ತಾರಾ?
ಸ್ನಾನ ಬೇಡ, ಊಟ ಬೇಡ,
ತೋಟದ ಕಡೆ ತಲೆನೇ ಹಾಕಲ್ಲ.
ಗಾಳಿ ಸೋಕಿದ್ದಾ? ಕಾಯಿಲೆಯಾ?

ನಾರ್ವೆಯವರೇ, ಕೊಪ್ಪದವರೇ,
ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ತೀರ್ಥಹಳ್ಳಿ ತಾಲ್ಲೂಕಲ್ಲೇ!

ನಿಮ್ಹಾನ್ಸ್ ವೈದ್ಯರು ಅಲ್ಲಿನ ಹಳ್ಳಿಗಳಲ್ಲಿ
ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇರೋರನ್ನ ಹುಡುಕಿ,
ಒಂದು ವರ್ಷ ಗಮನಿಸಿದ್ರು.
2009ರಲ್ಲಿ ಫಲಿತಾಂಶ ಪ್ರಕಟವಾಯ್ತು.

ಮಾತ್ರೆ ತಗೊಂಡವರಲ್ಲಿ
ದಿನದ ಕೆಲಸ, ಜನರ ಜೊತೆ ಒಡನಾಟ ಸುಧಾರಿಸ್ತು.
ತಗೊಳ್ಳದವರು?
ಹೆಚ್ಚುಕಡಿಮೆ ಇದ್ದಲ್ಲೇ ಇದ್ರು.

ಅಡಿಕೆಗೆ ಕೊಳೆರೋಗ ಬಂದ್ರೆ
ಬೋರ್ಡೋ ಹೊಡೀತೀವಿ,
ಮರಕ್ಕೆ ಬೈಯಲ್ಲ ಅಲ್ವಾ?
ಈ ಕಾಯಿಲೆಯೂ ಹಾಗೇ.
ದೇವರಿಗೆ ಹರಕೆ ಹೊತ್ಕೊಳ್ಳಿ, ಬೇಡ ಅನ್ನಲ್ಲ.
ಆದ್ರೆ ಡಾಕ್ಟರ ಹತ್ರ ಹೋಗೋದು ತಡ ಮಾಡ್ಬೇಡಿ.

ಎಲ್ಲಿ ಕೇಳೋದು ಗೊತ್ತಾಗ್ತಿಲ್ವಾ?
ಟೆಲಿ ಮಾನಸ್ ಸಹಾಯವಾಣಿ, 14416.
ಹಗಲು ರಾತ್ರಿ, ಉಚಿತ,
ಕನ್ನಡದಲ್ಲೇ ಮಾತಾಡ್ತಾರೆ.
ಇವತ್ತೇ ಫೋನ್ ಮಾಡಿ.