ಬಚ್ಚಲ ನೀರಿಗೆ ಬೇರೆಯ ದಾರಿ

ಹಳ್ಳಿಯ ಹಳೆಯ ಮನೆಗಳ ಹಿತ್ತಲನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ಬಚ್ಚಲಿನ ನೀರು ಹೊರಬೀಳುವೆಡೆಯಲ್ಲಿ ಬಾಳೆಯೋ ಕೆಸುವೋ ಸೊಂಪಾಗಿ ಬೆಳೆದಿರುತ್ತದೆ. ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ ಸೇರಿ ದನಗಳ ಪಾಲಾಗುತ್ತಿತ್ತು. ಪಾಯಿಖಾನೆಯೂ ಅದರೊಡನೆ ಸೆಪ್ಟಿಕ್ ಟ್ಯಾಂಕೂ ಬಂದಾಗ ಹಲವೆಡೆ ಈ ವಿಂಗಡಣೆ ಮರೆತುಹೋಗಿ, ಎಲ್ಲ ಕೊಳವೆಗಳೂ ಒಂದೇ ತೊಟ್ಟಿಗೆ ತಿರುಗಿದವು. ಊರಿನ ನಮ್ಮ ಮನೆಯಲ್ಲಿ ನಾವೂ ಹೀಗೆಯೇ ಮಾಡಿದೆವು. ಎರಡನೆಯ ಮಳೆಗಾಲದಲ್ಲಿ ಇಂಗುಗುಂಡಿ ತುಂಬಿ, ನಾರುವ ನೀರು ಬಾವಿಯ ಕಡೆಗೆ ಹರಿಯತೊಡಗಿದಾಗ, ತರಗತಿಯಲ್ಲಿ ಪ್ರತಿವರ್ಷವೂ ಬೋಧಿಸುವ ಸ್ಟೋಕ್ಸ್‌ನ ನಿಯಮ ನಮಗೆ ನೆನಪಾಯಿತು. ತಡವಾಗಿ ನೆನಪಾಯಿತೆಂದು ಒಪ್ಪಿಕೊಳ್ಳಬೇಕು.

ಫ್ರಾನ್ಸಿನ ಮೂರಾ ಎಂಬಾತ ಇಂಥ ತೊಟ್ಟಿಗೆ 1881ರಲ್ಲಿ ಪೇಟೆಂಟ್ ಪಡೆದನು. ಇಂಗ್ಲೆಂಡಿನ ಎಕ್ಸೆಟರ್ ನಗರದ ಡೊನಾಲ್ಡ್ ಕ್ಯಾಮರನ್ 1890ರ ದಶಕದಲ್ಲಿ ಅದಕ್ಕೆ ಸೆಪ್ಟಿಕ್ ಎಂಬ ಹೆಸರನ್ನಿತ್ತನು. ತೊಟ್ಟಿಯ ಕೆಲಸವೆಲ್ಲ ನಿಶ್ಚಲತೆಯನ್ನು ಅವಲಂಬಿಸಿದೆ. ಭಾರವಾದ ಕಣಗಳು ತಳಕ್ಕಿಳಿದು ಕೆಸರಾಗುತ್ತವೆ. ಜಿಡ್ಡು ಮೇಲೆ ತೇಲುತ್ತದೆ. ನಡುವಿನ ನೀರು ಮಾತ್ರ ಇಂಗುಗುಂಡಿಗೆ ಹೋಗುತ್ತದೆ. ಗಾಳಿಯಿಲ್ಲದೆ ಬಾಳುವ ಬ್ಯಾಕ್ಟೀರಿಯಗಳು ಕೆಸರನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತವೆ. ಇದಕ್ಕೆಲ್ಲ ಕಾಲಾವಕಾಶ ಬೇಕು.

ಲೆಕ್ಕ ಹಾಕಿ ನೋಡೋಣ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನ ಗುರಿ ತಲೆಗೆ ದಿನವೊಂದಕ್ಕೆ 55 ಲೀಟರ್ ನೀರು. ಐವರ ಮನೆಗೆ 275 ಲೀಟರ್ ಆಯಿತು. ಕುಡಿಯಲು, ಅಡುಗೆಗೆ ಖರ್ಚಾದುದನ್ನು ಕಳೆದು 250 ಲೀಟರ್ ಹೊರಬೀಳುವುದೆಂದೂ, ಅದರಲ್ಲಿ ಪಾಯಿಖಾನೆಯದು 50 ಲೀಟರೆಂದೂ ಇಟ್ಟುಕೊಳ್ಳೋಣ. 1,500 ಲೀಟರಿನ ತೊಟ್ಟಿಯಲ್ಲಿ ಎಲ್ಲ ನೀರೂ ಸೇರಿದರೆ ಅದು ಸರಾಸರಿ 6 ದಿನ ನಿಲ್ಲುತ್ತದೆ. ಪಾಯಿಖಾನೆಯದು ಮಾತ್ರವಾದರೆ 30 ದಿನ.

ಆದರೆ ನಿಜವಾದ ತೊಂದರೆ ಸರಾಸರಿಯದಲ್ಲ, ಬೆಳಗಿನ ಸ್ನಾನದ ಹೊತ್ತಿನದು. ತೊಟ್ಟಿಯ ಮೇಲ್ಮೈ 1.5 ಚದರ ಮೀಟರ್ ಇದ್ದು, ಒಂದು ಗಂಟೆಯಲ್ಲಿ 150 ಲೀಟರ್ ನೀರು ನುಗ್ಗಿತೆನ್ನಿ. ಒಂದನ್ನೊಂದರಿಂದ ಭಾಗಿಸಿದರೆ ಗಂಟೆಗೆ 10 ಸೆಂಟಿಮೀಟರ್ ಬರುತ್ತದೆ. ಆದರ್ಶ ತೊಟ್ಟಿಯಲ್ಲಿಯೂ ಇದಕ್ಕಿಂತ ನಿಧಾನವಾಗಿ ಇಳಿಯುವ ಕಣಗಳಲ್ಲಿ ಒಂದು ಪಾಲು ತಳ ಮುಟ್ಟುವ ಮೊದಲೇ ನೀರಿನೊಡನೆ ಹೊರಟುಹೋಗುತ್ತದೆ. ಅದೇ ಗಂಟೆಯಲ್ಲಿ 30 ಲೀಟರ್ ಮಾತ್ರ ಬಂದರೆ ಈ ಮಿತಿ 2 ಸೆಂಟಿಮೀಟರಿಗೆ ಇಳಿಯುತ್ತದೆ. ಸ್ಟೋಕ್ಸ್‌ನ ನಿಯಮದಂತೆ ಕಣವು ಇಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾದುದು. ವೇಗ ಐದನೆಯ ಒಂದಾದರೆ ವ್ಯಾಸ 2.2 ಪಟ್ಟು ಕಿರಿದು. ಅಂದರೆ ಅರ್ಧಕ್ಕಿಂತ ಸಣ್ಣ ಕಣಗಳೂ ತೊಟ್ಟಿಯಲ್ಲಿ ಸಿಕ್ಕಿಬೀಳುತ್ತವೆ. ತಪ್ಪಿಸಿಕೊಂಡ ಕಣಗಳೇ ಇಂಗುಗುಂಡಿಯ ಮಣ್ಣಿನ ರಂಧ್ರಗಳನ್ನು ಮುಚ್ಚುವುದು. ಎಣ್ಣೆಸ್ನಾನದ ದಿನ ಜಿಡ್ಡು, ಸೀಗೆಪುಡಿ, ಬಿಸಿನೀರಿನ ಪ್ರವಾಹ ಮೂರೂ ಒಟ್ಟಿಗೆ ಬರುತ್ತವೆ. ಹಬ್ಬದ ಮರುದಿನ ತೊಟ್ಟಿ ನಾರಿದರೆ ಆಶ್ಚರ್ಯವೇನು!

ಬೂದುನೀರೆಂದು ಕರೆಯಲಾಗುವ ಬಚ್ಚಲು, ಅಡುಗೆಮನೆಗಳ ನೀರು ಶುದ್ಧವಾದುದೆಂದು ವಾಚಕರು ಭಾವಿಸಬಾರದು. ಒಂದು ದಿನ ಕೂಡಿಟ್ಟರೆ ಅದೂ ಕೊಳೆತು ನಾರುತ್ತದೆ. ಮಗುವಿನ ಹೊಲಸು ಬಟ್ಟೆ ಒಗೆದ ನೀರು ಪಾಯಿಖಾನೆಗೇ ಹೋಗಬೇಕು. ಮುಸುರೆ ನೀರನ್ನು ಮೊದಲು ಒಂದು ಸಣ್ಣ ತೊಟ್ಟಿಗೆ ಬಿಟ್ಟು, ಹೊರಹೋಗುವ ಕೊಳವೆಯ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಬಾಗಿಸಿದರೆ ಜಿಡ್ಡು ಮೇಲೆಯೇ ನಿಲ್ಲುತ್ತದೆ. ಅದನ್ನು ಆಗಾಗ ತೆಗೆಯುವುದು ಹೇಸಿಗೆಯ ಕೆಲಸವೇ ಸರಿ. ಮುಂದೆ ಆ ನೀರನ್ನು ಬಾಳೆ, ತೆಂಗುಗಳ ಬುಡಕ್ಕೆ ಒಯ್ಯಬಹುದು. ಹಸಿಯಾಗಿ ತಿನ್ನುವ ಕೊತ್ತಂಬರಿಯಂಥ ಸೊಪ್ಪಿನ ಮಡಿಗೆ ಬಿಡಲಾಗದು.

ಕಲ್ಲು ತುಂಬಿದ ಬಚ್ಚಲುಗುಂಡಿ ಎಲ್ಲೆಡೆ ಒಂದೇ ಬಗೆಯಾಗಿ ನಡೆಯದು. ಬಯಲುಸೀಮೆಯ ಎರೆಮಣ್ಣು ನೆನೆದಾಗ ಉಬ್ಬುತ್ತದೆ. ಸಾಬೂನು, ಸೋಡಗಳಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಚದರಿಸಿ ರಂಧ್ರಗಳನ್ನು ಇನ್ನಷ್ಟು ಮುಚ್ಚುತ್ತದೆ. ಕರಾವಳಿಯಲ್ಲಿ ಮಳೆಗಾಲದ ಅಂತರ್ಜಲ ಮೇಲೇರಿ ಬರುವುದರಿಂದ ಆಳದ ಗುಂಡಿಯು ಕೊಳೆನೀರನ್ನು ನೇರವಾಗಿ ಬಾವಿಯ ನೀರಿಗೆ ಕೂಡಿಸಿದಂತೆಯೇ. ಈ ಎರಡೂ ಕಡೆ ಆಳಕ್ಕಿಂತ ಅಗಲ ಮೇಲು.

ಪರೀಕ್ಷೆ ಸುಲಭ. ಮೊಳದಷ್ಟು ಆಳದ ಕುಳಿ ತೋಡಿ, ರಾತ್ರಿಯೆಲ್ಲ ನೀರು ನೆನೆಯಗೊಟ್ಟು, ಮರುದಿನ ಮತ್ತೆ ತುಂಬಿ, ನೀರು ಎಷ್ಟು ಬೇಗ ಇಳಿಯುವುದೆಂದು ಅಳತೆಪಟ್ಟಿಯಿಂದ ನೋಡಬೇಕು. ನಮ್ಮ ಹಿತ್ತಲಿನಲ್ಲಿ ಅದು ಅರ್ಧ ಗಂಟೆಯಾದರೂ ಬೆರಳಗಲ ಇಳಿಯಲಿಲ್ಲ. ಗುಂಡಿಯ ಯೋಚನೆಯನ್ನು ಬಿಟ್ಟು, ಬಾವಿಗೆ ವಿರುದ್ಧವಾದ ಇಳಿಜಾರಿನಲ್ಲಿ ಆಳವಿಲ್ಲದ ಎರಡು ಕಾಲುವೆಗಳನ್ನು ತೋಡಿ ಬಾಳೆ ನೆಟ್ಟಿದ್ದೇವೆ. ಒಂದು ಕಾಲುವೆಗೆ ನೀರು ಬಿಟ್ಟ ವಾರ ಇನ್ನೊಂದು ಒಣಗುತ್ತದೆ. ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿದ್ದೇವೆ. ಅಲ್ಲಿಯವರೆಗೆ ಕುದಿಸಿ ಕುಡಿಯುತ್ತಿದ್ದೇವೆ.