ಹೊತ್ತಿನ ಜಮಾ-ಖರ್ಚು

ಹಾಲಿನ ಲೆಕ್ಕ, ಪತ್ರಿಕೆಯ ಲೆಕ್ಕ, ಇಸ್ತ್ರಿಯವನ ಲೆಕ್ಕ - ಇವೆಲ್ಲವನ್ನೂ ನಮ್ಮ ಗೃಹಿಣಿಯರು ತಪ್ಪದೆ ಬರೆದಿಡುತ್ತಾರೆ. ಆದರೆ ಕಳೆದರೆ ಮರಳಿ ಬಾರದ ಹೊತ್ತಿಗೆ ಮಾತ್ರ ಯಾರ ಮನೆಯಲ್ಲಿಯೂ ಲೆಕ್ಕವಿಲ್ಲ. ‘ಪುರಸತ್ತೇ ಇಲ್ಲ’ ಎಂಬುದು ಎಲ್ಲರ ಗೋಳು. ಇದ್ದ ಹೊತ್ತು ಎಲ್ಲಿ ಹೋಯಿತೆಂದು ಕೇಳಿದರೆ ಉತ್ತರಿಸಬಲ್ಲವರು ವಿರಳ.

ಈ ಲೆಕ್ಕವನ್ನು ಬಿಡದೆ ಇಟ್ಟ ಒಬ್ಬ ಅಂಚೆ ನೌಕರನುಂಟು. ಆಂಗ್ಲ ಕಾದಂಬರಿಕಾರನಾದ ಆಂಟನಿ ಟ್ರೋಲಪ್ 1834ರಲ್ಲಿ, ತನ್ನ 19ನೆಯ ವಯಸ್ಸಿನಲ್ಲಿ, ಲಂಡನ್ನಿನ ಅಂಚೆ ಕಚೇರಿಯ ಗುಮಾಸ್ತನಾದನು. ವೇಳೆಗೆ ಬಾರದವನು, ಸಾಲಗಾರ - ಮೊದಲ ಏಳು ವರ್ಷ ಅವನು ಗಳಿಸಿದ ಹೆಸರು ಇದೇ. 1841ರಲ್ಲಿ ಐರ್ಲೆಂಡಿಗೆ ಹೋದ ಮೇಲೆ ಕೆಲಸದಲ್ಲಿ ಮನಸ್ಸು ನಿಂತಿತು. ಕಾದಂಬರಿ ರಚನೆಯೂ ಅಲ್ಲಿಯೇ ಆರಂಭವಾಯಿತು.

ಕ್ರಮೇಣ ಅವನು ಒಂದು ಪದ್ಧತಿಯನ್ನು ರೂಢಿಸಿಕೊಂಡನು. ಹೊಸ ಕೃತಿಗೆ ಕೈಹಾಕುವಾಗ ವಾರವಾರಕ್ಕೆ ಗೆರೆ ಎಳೆದ ದಿನಚರಿಯೊಂದನ್ನು ಸಿದ್ಧಪಡಿಸಿ, ಅಂದಂದು ಬರೆದ ಪುಟಗಳನ್ನು ಅದರಲ್ಲಿ ನಮೂದಿಸುವನು. ಪುಟವೆಂದರೆ 250 ಪದ. ವಾರಕ್ಕೆ ಸರಾಸರಿ 40 ಪುಟ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲುಗಂಟೆಗೆ 250 ಪದದಂತೆ ಬರೆಯುವನು. ತನ್ನನ್ನು ಎಬ್ಬಿಸುವುದಕ್ಕೆಂದೇ ಮುದುಕ ಸೇವಕನೊಬ್ಬನಿಗೆ ವರ್ಷಕ್ಕೆ 5 ಪೌಂಡು ಹೆಚ್ಚು ಕೊಡುತ್ತಿದ್ದನು! 1867ರವರೆಗೂ ನೌಕರಿಯಲ್ಲಿದ್ದ ಈತ, 1882ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಕಾದಂಬರಿಗಳು 47.

1883ರಲ್ಲಿ ಪ್ರಕಟವಾದ ಆತ್ಮಕಥೆಯಿಂದ ಈ ಗುಟ್ಟು ತಿಳಿದಾಗ, ಇದು ಕಲೆಯೋ ಕಾರ್ಖಾನೆಯ ದುಡಿಮೆಯೋ ಎಂದು ಮೂಗು ಮುರಿದವರುಂಟು. ಗಡಿಯಾರವು ಪ್ರತಿಭೆಯನ್ನು ಕೊಡಲಾರದು, ನಿಜ. ಆದರೆ ನಮ್ಮನ್ನು ನಾವೇ ವಂಚಿಸಿಕೊಳ್ಳುವುದನ್ನು ಅದು ತಡೆಯಬಲ್ಲದು.

ಈ ಮಾತು ನನ್ನ ಅನುಭವವೂ ಹೌದು. ಸಂಶೋಧನ ಪ್ರಬಂಧಕ್ಕೆ ವೇಳೆಯಿಲ್ಲವೆಂದು ಮೂರು ವರ್ಷ ಹೇಳುತ್ತ ಬಂದೆ. ಅದಿಲ್ಲದೆ ಬಡ್ತಿಯೂ ದೂರವೇ ಉಳಿಯಿತು. ಕೊನೆಗೊಮ್ಮೆ ಒಂದು ವಾರ, ಮಾಡಿದ್ದನ್ನೆಲ್ಲ ಕಾಲುಗಂಟೆಯ ಲೆಕ್ಕದಲ್ಲಿ ಬರೆದಿಟ್ಟೆ. ದಿನಕ್ಕೆ ಎರಡು ಗಂಟೆ ಪ್ರಬಂಧಕ್ಕೆ ದುಡಿಯುತ್ತೇನೆಂಬ ಭ್ರಮೆ ನನ್ನದು. ಇಡೀ ವಾರದಲ್ಲಿ ದುಡಿದದ್ದು ಒಂದೂಮುಕ್ಕಾಲು ಗಂಟೆ! ಉಳಿದದ್ದನ್ನು ಹರಟೆಯೂ ಮೊಬೈಲ್ ಫೋನೂ ಹಂಚಿಕೊಂಡಿದ್ದವು. ನಾಚಿಕೆಯೇನೋ ಆಯಿತು, ಆದರೆ ಮರುವಾರದಿಂದಲೇ ಬೆಳಗಿನ ಒಂದು ಗಂಟೆ ಪ್ರಬಂಧಕ್ಕೆ ಮೀಸಲಾಯಿತು. ಈಗ ಎರಡು ಅಧ್ಯಾಯಗಳು ಮುಗಿದಿವೆ.

ಕ್ರಮ ಸುಲಭವಾದುದು. ಒಂದು ಸಣ್ಣ ಪುಸ್ತಕ ಸಾಕು. ಕೆಲಸ ಮುಗಿದೊಡನೆ ಬರೆಯಬೇಕು. ರಾತ್ರಿ ನೆನಪಿನಿಂದ ಬರೆದರೆ ಮನಸ್ಸು ನಮ್ಮ ಪಕ್ಷ ವಹಿಸುತ್ತದೆ. ವಾರದ ಕೊನೆಗೆ ಕೂಡಿಸಿ ನೋಡಬೇಕು. ಇಂಥ ಕಡತಕ್ಕೆ ಇಷ್ಟು ದಿನ ಬೇಕೆಂದು ಆಗ ಮೇಲಧಿಕಾರಿಗೆ ಧೈರ್ಯವಾಗಿ ಹೇಳಬಹುದು. ಕೊಟ್ಟ ಮಾತನ್ನು ಉಳಿಸಿಕೊಳ್ಳಬಹುದು. ನೌಕರಿಯಲ್ಲಿ ನಂಬಿಕೆ ಬೆಳೆಯುವುದು ಹೀಗೆಯೇ. ಬಡ್ತಿಯ ಸಂದರ್ಶನದಲ್ಲಿ ವರ್ಷದ ದುಡಿಮೆಯನ್ನು ವಿವರಿಸುವಾಗ ತಡವರಿಸಬೇಕಾಗಿಲ್ಲ.

ಒಂದು ಎಚ್ಚರಿಕೆ: ಮಗುವಿನೊಡನೆ ಆಡಿದ ಹೊತ್ತನ್ನು, ತಾಯಿಯ ಬಳಿ ಕುಳಿತ ಹೊತ್ತನ್ನು ಖರ್ಚಿನ ಕಡೆ ಬರೆಯಬೇಡಿ. ಅದು ಜಮಾ. ಲೆಕ್ಕವಿಡುವುದು ಅಂಥ ಹೊತ್ತನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಅಲ್ಲವೆ?