6 ಲೀಟರಿನ ಹಳೇ ವೈನ್ ಬಾಟಲಿ: ತೆರೆಯೋಕೆ ವಾರದ ತಯಾರಿ

ಮಾಮೂಲಿ ವೈನ್ ಬಾಟಲಿ 750 ಮಿಲಿ. ಫ್ರಾನ್ಸಿನ ಬೋರ್ಡೊದಲ್ಲಿ ‘ಇಂಪೀರಿಯಲ್’ ಅನ್ನೋ ಬಾಟಲಿಗೆ 6 ಲೀಟರ್, ಅಂದ್ರೆ ಅಂಥ ಎಂಟು ಬಾಟಲಿಯಷ್ಟು ಹಿಡಿಯುತ್ತೆ. ವೈನಿನ ಪ್ರಮಾಣಕ್ಕೆ ಹೋಲಿಸಿದ್ರೆ ಒಳಗೆ ಸೇರುವ ಗಾಳಿ ಕಡಿಮೆ. ಹಾಗಾಗಿ ನಿಧಾನಕ್ಕೆ ಹಳೆಯದಾಗುತ್ತೆ, ದಶಕಗಟ್ಟಲೆ ಇಡ್ತಾರೆ. ಅಷ್ಟು ವರ್ಷ ಕಾದಿದ್ದು ಸುರಿಯುವಾಗ ಐದೇ ನಿಮಿಷದಲ್ಲಿ ಕೆಡಬಹುದು.

ಕಾರಣ ಗಷ್ಟು. ಕೆಂಪು ವೈನಿನ ಬಣ್ಣ ಮತ್ತು ಒಗರಿನ ಅಂಶಗಳು ವರ್ಷ ಕಳೆದಂತೆ ಒಂದಕ್ಕೊಂದು ಅಂಟಿ ತಳ ಸೇರುತ್ತವೆ. ಕುಡಿದ್ರೆ ಅಪಾಯವೇನಿಲ್ಲ, ಆದರೆ ಕಹಿ. ಬಾಯಿಗೆ ಮರಳು ಸಿಕ್ಕ ಹಾಗೆ. ಅದಕ್ಕೇ ಮಲಗಿಸಿಟ್ಟ ಬಾಟಲಿಯನ್ನು ವಾರ ಮೊದಲೇ ನೆಟ್ಟಗೆ ನಿಲ್ಲಿಸೋದು ಒಳ್ಳೇದು.

ಮುಂದಿನ ತಲೆನೋವು ಕಾರ್ಕ್. ಹಳೇದು ಸುಲಭವಾಗಿ ಪುಡಿಯಾಗುತ್ತೆ, ದೊಡ್ಡ ಬಾಟಲಿಯದ್ದು ದಪ್ಪ ಬೇರೆ. ನಡುವೆ ಸ್ಕ್ರೂ ಇಳಿಸುವ ಬದಲು, ಎರಡು ತೆಳು ಪಟ್ಟಿಯಿರುವ ಓಪನರನ್ನು ಕಾರ್ಕಿನ ಅಕ್ಕಪಕ್ಕ ತೂರಿಸಿ ತಿರುಗಿಸುತ್ತಾ ಎತ್ತುವುದು ವಾಸಿ. ಪಟ್ಟಿ ಆ ಕಾರ್ಕಿಗೆ ಹೊಂದುತ್ತಾ ಅಂತ ಮೊದಲೇ ನೋಡಿಕೊಳ್ಳಬೇಕು.

ಸುರಿಯೋದು ಒಬ್ಬರ ಕೆಲಸ ಅಲ್ಲವೇ ಅಲ್ಲ; ತುಂಬಿದ ಬಾಟಲಿ ಸುಮಾರು 10 ಕೆ.ಜಿ. ತೂಗುತ್ತೆ. ಒಮ್ಮೆ ಬಗ್ಗಿಸಿದ ಮೇಲೆ ಮತ್ತೆ ನೆಟ್ಟಗೆ ಮಾಡಿದ್ರೆ ಗಷ್ಟು ಕದಡುತ್ತೆ. ಅದಕ್ಕೆ ಗಾಜಿನ ಜಗ್‌ಗಳನ್ನು ಸಾಲಾಗಿ ಇಟ್ಟುಕೊಂಡು, ಒಬ್ಬರು ಸುರಿಯುತ್ತಿದ್ದರೆ ಇನ್ನೊಬ್ಬರು ಜಗ್ ಬದಲಿಸುತ್ತಾ ಹೋಗಬೇಕು. ಬಾಟಲಿ ಕತ್ತಿನ ಕೆಳಗೆ ಮೇಣದಬತ್ತಿ ಇಡೋದು ಹಳೇ ಪದ್ಧತಿ, ಮೊಬೈಲ್ ಟಾರ್ಚ್ ಆದ್ರೂ ನಡೆಯುತ್ತೆ. ಆ ಬೆಳಕಲ್ಲಿ ಕಪ್ಪು ಗೆರೆ ಕತ್ತಿನ ಹತ್ತಿರ ಕಂಡ ತಕ್ಷಣ ನಿಲ್ಲಿಸಬೇಕು.

ಕೈ ನಡುಗುತ್ತೆ ಅನ್ನೋರು ಡ್ರಮ್ಮಿನಿಂದ ಡೀಸೆಲ್ ಇಳಿಸೋ ಹಾಗೆ, ಶುದ್ಧವಾದ ಸಣ್ಣ ಪೈಪ್ ಹಾಕಿ ಇಳಿಸಿಕೊಳ್ಳಬಹುದು. ಪೈಪಿನ ತುದಿ ಗಷ್ಟಿಗೆ ತಾಗದಿದ್ರೆ ಸಾಕು.